ಚೈತ್ರ ಮೊದಲೋ ಕೊನೆಯೋ: ಜಾಲ ಗ್ರಂಥಾಲಯ ಮತ್ತು ಆರ್.ಎಚ್. ಕ್ಯಾಂಪಿನ ವಸಂತ

ಜಗತ್ತಿನ ವಸಂತೋತ್ಸವಗಳನ್ನು ಕುರಿತು ಕಿರುಪ್ರಬಂಧ ಬರೆಯಲು ಹೊರಟ ಸ್ನಾತಕೋತ್ತರ ವಿದ್ಯಾರ್ಥಿಗೆ ಇಂದು ಸಾಮಗ್ರಿಯ ಕೊರತೆಯಿಲ್ಲ. ಅಂತರಜಾಲದ ಆಕರ ಗ್ರಂಥಾಲಯಗಳನ್ನು ತೆರೆದರೆ ಇರಾನಿನ ನೌರೂಜ್, ಥಾಯ್ಲೆಂಡಿನ ಸಾಂಗ್‌ಕ್ರಾನ್, ಉತ್ತರ ಭಾರತದ ಹೋಳಿ ಒಂದೇ ಗಂಟೆಯಲ್ಲಿ ಕೈಗೆಟಕುತ್ತವೆ. ಇದನ್ನು ಸಂಶೋಧನೆಯ ಅವನತಿಯೆಂದು ಭಾವಿಸುವ ಹಿರಿಯರು ನಮ್ಮಲ್ಲಿದ್ದಾರೆ. ಆ ಅಭಿಪ್ರಾಯ ನನಗೆ ಒಪ್ಪಿತವಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಕುಳಿತು ಓದುವವರಿಗೆ ಧಾರವಾಡ, ಮೈಸೂರುಗಳ ಗ್ರಂಥಾಲಯಗಳು ದೂರ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, 2016ರಲ್ಲಿ ಆರಂಭವಾದ ಭಾರತವಾಣಿ, ಪಿಎಚ್.ಡಿ. ಪ್ರಬಂಧಗಳ ಶೋಧಗಂಗಾ ಇವು ಆ ದೂರವನ್ನು ಕಡಿಮೆ ಮಾಡಿವೆ. ನನ್ನ ತಕರಾರು ಇರುವುದು ಆಕರದ ಬಗ್ಗೆಯಲ್ಲ, ಅದನ್ನು ನಾವು ಬಳಸುವ ಕ್ರಮದ ಬಗ್ಗೆ.

ಕೋಶಗಳು ಹಬ್ಬಗಳನ್ನು ಸಾಮಾನ್ಯವಾಗಿ ದೇಶ, ಧರ್ಮ, ಭಾಷೆಗಳ ಶೀರ್ಷಿಕೆಯಡಿ ಜೋಡಿಸುತ್ತವೆ. ಈ ಜೋಡಣೆಗೆ ಸುಲಭವಾಗಿ ಒಗ್ಗದ ಸಮುದಾಯವೊಂದು ನಮ್ಮ ಮಗ್ಗುಲಲ್ಲೇ ಇದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿದಾಗ ರೂಪುಗೊಂಡವು ಆರ್.ಎಚ್. ಕ್ಯಾಂಪುಗಳು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಎಂಬುದು ಅಲ್ಲಿನ ಮಕ್ಕಳ ಬದುಕು. ಬಂಗಾಳದ ವಸಂತವೆಂದು ಹುಡುಕಿದರೆ ಶಾಂತಿನಿಕೇತನದ ವಸಂತೋತ್ಸವ ಎದುರಾಗುತ್ತದೆ. ಕರ್ನಾಟಕದ ವಸಂತವೆಂದು ಹುಡುಕಿದರೆ ಯುಗಾದಿ. ಇವೆರಡರ ನಡುವೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬೇರೂರಿದ ಈ ಜನರ ವಸಂತ ಜಾರಿಹೋಗುತ್ತದೆ.

ಜಾರಿಹೋಗುವುದು ಸಣ್ಣ ಸಂಗತಿಯಲ್ಲ. ಚೈತ್ರವೆಂಬ ಒಂದೇ ಹೆಸರನ್ನು ಗಮನಿಸೋಣ. ಚಾಂದ್ರಮಾನವನ್ನು ಅನುಸರಿಸುವ ಸಿಂಧನೂರಿನ ರೈತನಿಗೆ ಚೈತ್ರ ವರ್ಷದ ಮೊದಲ ತಿಂಗಳು. ಬಂಗಾಳಿ ಸೌರ ಪಂಚಾಂಗದಲ್ಲಿ ಅದು ಕೊನೆಯ ತಿಂಗಳು. ಆ ಚೈತ್ರದ ಕೊನೆಯ ದಿನ ಚರಕ ಪೂಜೆ, ಮರುದಿನ ಪೊಯ್ಲಾ ಬೊಯ್‌ಶಾಖ್, ಅಂದರೆ ಹೊಸ ವರ್ಷ. ಲೆಕ್ಕದ ದೃಷ್ಟಿಯಿಂದ ಈ ಹೊಸ ವರ್ಷ ನೆರೆಯ ಯುಗಾದಿಗಿಂತ ತುಳುನಾಡಿನ ಬಿಸುವಿಗೆ, ತಮಿಳರ ಪುತ್ತಾಂಡಿಗೆ, ಸಂಕ್ರಾಂತಿ ಎಂಬ ಶಬ್ದವನ್ನೇ ಹೊತ್ತ ಸಾಂಗ್‌ಕ್ರಾನಿಗೆ ಹತ್ತಿರ. ಫಾಲ್ಗುಣದ ಹುಣ್ಣಿಮೆಯೂ ಹಾಗೆಯೇ. ನಮ್ಮಲ್ಲಿ ಅದು ಕಾಮದಹನ. ಬಂಗಾಳಿಗಳಿಗೆ ರಾಧಾಕೃಷ್ಣರನ್ನು ತೂಗುವ ದೋಲಯಾತ್ರೆ, ಚೈತನ್ಯರ ಜಯಂತಿ. ಕೋಶವು ‘ಹೋಳಿ’ ಎಂಬ ಒಂದೇ ನಮೂದಿನಲ್ಲಿ ಇವನ್ನು ಕೂಡಿಸಿದಾಗ ದಿನ ಉಳಿಯುತ್ತದೆ, ಕಥನ ಅಳಿಯುತ್ತದೆ. ಚರಕದ ಕಂಬವನ್ನೂ ನಮ್ಮ ಗ್ರಾಮದೇವತೆಗಳ ಸಿಡಿಯನ್ನೂ ಎದುರುಬದುರಿಟ್ಟು ನೋಡುವ ಅಧ್ಯಯನಕ್ಕೆ ಇಷ್ಟು ಒದಗಿಬಂದ ನೆಲ ಮತ್ತೊಂದು ದೊರೆಯುವುದು ಕಷ್ಟ.

ಆದ್ದರಿಂದ ಜಾಲ ಗ್ರಂಥಾಲಯವನ್ನು ಕ್ಷೇತ್ರಕಾರ್ಯದ ಬದಲಿಯಾಗಿ ಅಲ್ಲ, ಅದರ ಪೂರ್ವಸಿದ್ಧತೆಯಾಗಿ ಬಳಸಬೇಕು. ನೌರೂಜ್ ವಿಷುವದ್ದಿನಕ್ಕೆ ಕಟ್ಟುಬಿದ್ದ ಹಬ್ಬ, ವಿಶ್ವಸಂಸ್ಥೆ 2010ರಲ್ಲಿ ಮಾರ್ಚ್ 21ನ್ನು ಅದರ ಅಂತಾರಾಷ್ಟ್ರೀಯ ದಿನವಾಗಿ ಮಾನ್ಯ ಮಾಡಿತು ಎಂಬುದನ್ನು ತಿಳಿದ ವಿದ್ಯಾರ್ಥಿ ಕ್ಯಾಂಪಿಗೆ ಹೋದಾಗ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ನಿಮ್ಮ ಹಬ್ಬ ಯಾವ ಪಂಚಾಂಗದ್ದು? ಬಿತ್ತನೆ, ಕೊಯ್ಲು ಇಲ್ಲಿಯ ಕಾಲುವೆ ನೀರಿಗೆ ಹೊಂದಿಕೊಂಡ ಮೇಲೆ ಆಚರಣೆಯಲ್ಲಿ ಬದಲಾದುದೇನು? ನೆರೆಯ ಹಳ್ಳಿಯವರು ಬರುತ್ತಾರೆಯೇ? ಇಂಥ ಪ್ರಶ್ನೆಗಳಿಗೆ ಯಾವ ಕೋಶದಲ್ಲೂ ಸಿದ್ಧ ಉತ್ತರವಿರುವುದಿಲ್ಲ.

ಮಾರ್ಗದರ್ಶಕರಾದ ನಮ್ಮ ಹೊಣೆಯೂ ಇದೆ. ಇಳಿಸಿಕೊಂಡ ನಮೂದುಗಳನ್ನು ಅನುವಾದಿಸಿ ಹೊಲಿದ ಪ್ರಬಂಧಕ್ಕೆ ಅಂಕ ಕೊಡುವವರು ನಾವೇ. ‘ಜಾಗತಿಕ’ ವಿಷಯ ಆರಿಸಿಕೊಂಡ ಪ್ರತಿ ವಿದ್ಯಾರ್ಥಿಯೂ ತನ್ನ ತಾಲ್ಲೂಕಿನ ಒಂದು ಆಚರಣೆಯನ್ನು ಕಣ್ಣಾರೆ ಕಂಡು ದಾಖಲಿಸಬೇಕೆಂಬ ನಿಯಮ ಮಾಡುವುದು ಕಷ್ಟವಲ್ಲ. ಆ ದಾಖಲೆ, ಹೇಳಿದವರ ಒಪ್ಪಿಗೆಯೊಂದಿಗೆ, ಕನ್ನಡದಲ್ಲೇ ಜಾಲಕ್ಕೆ ಮರಳಬೇಕು. ಗಡಿ ದಾಟಿ ಬಂದ ತಲೆಮಾರು ಮುಪ್ಪಿನಲ್ಲಿದೆ. ಅವರ ನೆನಪಿನ ವಸಂತವನ್ನು ಕೇಳಿ ಬರೆದುಕೊಳ್ಳಬಲ್ಲವರು ಕನ್ನಡ ಶಾಲೆಯಲ್ಲಿ ಕಲಿತ ಅವರ ಮೊಮ್ಮಕ್ಕಳು. ಅವರು ನಮ್ಮ ತರಗತಿಗಳಲ್ಲೇ ಕುಳಿತಿರಬಹುದು.