ಗಣಿತವನ್ನು ಕೈಬಿಡುವ ಮೊದಲು

ಕರ್ನಾಟಕದ ರಾಜ್ಯ ಪಠ್ಯಕ್ರಮದಲ್ಲಿ ಓದುವ ವಿದ್ಯಾರ್ಥಿಗಳಿಗೆ ಗಣಿತವನ್ನು ಕೈಬಿಡುವ ಅವಕಾಶ ಮೊದಲ ಬಾರಿಗೆ ಸಿಗುವುದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಅಲ್ಲಿಯವರೆಗೆ ಎಲ್ಲರಿಗೂ ಒಂದೇ ಗಣಿತ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಪದವಿಪೂರ್ವ ಶಿಕ್ಷಣದ, ಅಂದರೆ ಪಿಯುಸಿಯ ಬಾಗಿಲಲ್ಲಿ ದಾರಿ ಕವಲೊಡೆಯುತ್ತದೆ. ಕಲಾ ವಿಭಾಗಕ್ಕೆ ಹೋದವರಲ್ಲಿ ಬಹುತೇಕರಿಗೆ ಗಣಿತ ಅಲ್ಲಿಗೇ ಮುಗಿಯುತ್ತದೆ. ವಾಣಿಜ್ಯ ವಿಭಾಗದವರಿಗೆ ಕೆಲವು ಕಾಲೇಜುಗಳು ಮೂಲಗಣಿತವೆಂಬ ಹಗುರವಾದ ವಿಷಯವನ್ನು ಕೊಡುತ್ತವೆ. ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆ ಜೀವಶಾಸ್ತ್ರ ಸೇರಿದರೆ ಪಿಸಿಎಂಬಿ, ಕಂಪ್ಯೂಟರ್ ವಿಜ್ಞಾನ ಸೇರಿದರೆ ಪಿಸಿಎಂಸಿ ಎಂದು ಕರೆಯುವ ಸಂಯೋಜನೆಗಳಿವೆ. ವೈದ್ಯಕೀಯವೊಂದನ್ನೇ ಗುರಿಯಾಗಿಟ್ಟುಕೊಂಡವರು ಗಣಿತದ ಬದಲು ಬೇರೊಂದು ವಿಷಯ ಸಿಗುವುದೇ ಎಂದು ಹುಡುಕುವುದೂ ಉಂಟು. ವಿಜಯಪುರ ನಗರದಲ್ಲಿ, ಅಲ್ಲಿಂದ 20–25 ಕಿಲೋಮೀಟರ್ ಆಸುಪಾಸಿನಲ್ಲಿರುವ ತಿಕೋಟಾ, ಬಬಲೇಶ್ವರಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಸಾವಿರಾರು ಮನೆಗಳು ಈ ತೀರ್ಮಾನವನ್ನು ಕೆಲವೇ ದಿನಗಳಲ್ಲಿ, ಅಂಕಪಟ್ಟಿಯೊಂದನ್ನೇ ಮುಂದಿಟ್ಟುಕೊಂಡು ಮಾಡಿ ಮುಗಿಸುತ್ತವೆ.

ಈ ತೀರ್ಮಾನದ ಎರಡು ಬದಿಗಳು ಸಮನಾಗಿಲ್ಲ ಎಂಬುದನ್ನು ಪಾಲಕರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲ. ಪಿಯುಸಿಯಲ್ಲಿ ಗಣಿತ ಓದಿದವರು ಮುಂದೆ ಇತಿಹಾಸ, ಕಾನೂನು, ಪತ್ರಿಕೋದ್ಯಮ, ವಾಣಿಜ್ಯ ಯಾವುದಕ್ಕಾದರೂ ಹೋಗಬಹುದು. ಗಣಿತ ಬಿಟ್ಟವರು ಎರಡು ವರ್ಷಗಳ ನಂತರ ಮರಳಿ ಬರಬೇಕೆಂದರೆ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗೆ ತಲಾ 60 ಅಂಕಗಳ ಪರೀಕ್ಷೆ ಇದ್ದು, ಅದರ ಅಂಕಕ್ಕೂ ಪಿಯುಸಿಯ ಅಂಕಕ್ಕೂ ಅರ್ಧರ್ಧ ಬೆಲೆ ಕೊಟ್ಟು ರ್‍ಯಾಂಕ್ ನಿಗದಿಪಡಿಸಲಾಗುತ್ತದೆ. ಸಂಖ್ಯಾಶಾಸ್ತ್ರ, ಭೌತವಿಜ್ಞಾನ, ಗಣಕ ವಿಜ್ಞಾನಗಳ ಪದವಿಗಳೂ ಅದೇ ತಳಪಾಯವನ್ನು ಕೇಳುತ್ತವೆ. ಅರ್ಥಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಗಂಭೀರವಾಗಿ ಓದಬಯಸುವವರು ಕಲಾ ವಿಭಾಗದಿಂದ ಬಂದಿದ್ದರೆ ಅಲ್ಲಿ ಎದುರಾಗುವ ಕಲನಶಾಸ್ತ್ರವನ್ನು ಮೊದಲಿಂದ ಕಲಿಯಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷಗಳ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಒಳ್ಳೆಯ ದಾರಿಯೊಂದು ಇದೆ, ಅದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಆ ದಾರಿಯಲ್ಲೂ ಗಣಿತ ಜೊತೆಗೇ ನಡೆಯುತ್ತದೆ.

ವಿಜಯಪುರಕ್ಕೆ ಇದರಲ್ಲಿ ವಿಶೇಷವಾದ ಒಂದು ಸಂಬಂಧವಿದೆ. ಇಲ್ಲಿನ ಸೈನಿಕ ಶಾಲೆ 1963ರಿಂದ ಮಕ್ಕಳನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಸಿದ್ಧಪಡಿಸುತ್ತ ಬಂದಿದೆ. ಎನ್‌ಡಿಎ ಲಿಖಿತ ಪರೀಕ್ಷೆಯ ಒಟ್ಟು 900 ಅಂಕಗಳಲ್ಲಿ 300 ಗಣಿತಕ್ಕೆ ಮೀಸಲು. ಭೂಸೇನೆಗೆ ಯಾವ ವಿಭಾಗದಲ್ಲಿ ಹನ್ನೆರಡನೇ ತರಗತಿ ಓದಿದವರೂ ಅರ್ಜಿ ಹಾಕಬಹುದಾದರೂ, ನೌಕಾಪಡೆಗೆ ಮತ್ತು ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಹೆಣ್ಣುಮಕ್ಕಳಿಗೂ ಎನ್‌ಡಿಎ ಪರೀಕ್ಷೆ ತೆರೆಯಿತು, ಸೈನಿಕ ಶಾಲೆಗಳೂ ಅವರಿಗೆ ಪ್ರವೇಶ ಕೊಟ್ಟವು. ತಿಕೋಟಾದ ಯಾವುದೋ ಓಣಿಯ ಹುಡುಗಿ ಇಂದು ಯುದ್ಧವಿಮಾನದ ಕನಸು ಕಾಣುವುದಕ್ಕೆ ಕಾನೂನಿನ ಅಡ್ಡಿ ಉಳಿದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಮನೆಯವರು ಗಣಿತವಿಲ್ಲದ ವಿಭಾಗಕ್ಕೆ ಸೇರಿಸಿಬಿಟ್ಟರೆ ಮಾತ್ರ ಆ ಕನಸು ಅರ್ಜಿಯ ಮಟ್ಟಕ್ಕೂ ಬರಲಾರದು.

ಹಾಗೆಂದು ಗಣಿತಕ್ಕೆ ಅಂಜುವ ಮಕ್ಕಳನ್ನೂ ಪಾಲಕರನ್ನೂ ತಿಳಿಗೇಡಿಗಳೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಅವರ ಅಂಜಿಕೆಗೆ ಗಟ್ಟಿಯಾದ ಕಾರಣಗಳಿವೆ. ಹತ್ತನೇ ತರಗತಿಯ ಗಣಿತಕ್ಕೂ ಪಿಯುಸಿ ಗಣಿತಕ್ಕೂ ನಡುವಿನ ಏರು ಬಹಳ ಕಡಿದಾದದ್ದು. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಕೋನಮಿತಿಯ ಪ್ರಾಥಮಿಕ ಅನುಪಾತಗಳಲ್ಲಿ ಓಡಾಡಿದ ವಿದ್ಯಾರ್ಥಿಗಳ ಮುಂದೆ ಪ್ರಥಮ ಪಿಯುಸಿಯ ಒಂದೇ ವರ್ಷದಲ್ಲಿ ಗಣಗಳು, ಫಲನಗಳು, ಸಂಕೀರ್ಣ ಸಂಖ್ಯೆಗಳು, ದ್ವಿಪದ ಪ್ರಮೇಯ, ಶಂಕುವನ್ನು ಸಮತಲ ಕತ್ತರಿಸಿದಾಗ ಮೂಡುವ ವಕ್ರರೇಖೆಗಳು, ಮೂರು ಆಯಾಮಗಳ ಜ್ಯಾಮಿತಿ, ಕೊನೆಗೆ ಮಿತಿ ಮತ್ತು ಅವಕಲನಗಳು ಬಂದು ನಿಲ್ಲುತ್ತವೆ. ಇದರ ಮೇಲೆ ಬೋಧನೆಯ ಭಾಷೆಯ ಭಾರ. ಗ್ರಾಮೀಣ ಭಾಗದ ಬಹುಪಾಲು ಮಕ್ಕಳು ಹತ್ತರವರೆಗೆ ಗಣಿತವನ್ನು ಕನ್ನಡದಲ್ಲಿ ಕಲಿತಿರುತ್ತಾರೆ, ಪಿಯುಸಿ ವಿಜ್ಞಾನದ ಬೋಧನೆಯಾದರೋ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಹೊಸ ಪರಿಕಲ್ಪನೆಯೂ ಹೊಸ ಭಾಷೆಯೂ ಜೂನ್ ತಿಂಗಳ ಒಂದೇ ವಾರದಲ್ಲಿ ಮೇಲೆರಗಿದಾಗ, ನಿನ್ನೆಯವರೆಗೆ ತರಗತಿಯಲ್ಲಿ ಮುಂದಿದ್ದವರು ಮೊದಲ ಕಿರುಪರೀಕ್ಷೆಯಲ್ಲೇ ಕುಸಿದು, ತಪ್ಪು ತಮ್ಮ ಬುದ್ಧಿಯದ್ದೆಂದು ನಂಬಿಬಿಡುತ್ತಾರೆ.

ಹೀಗೆ ನಂಬಬೇಕಾದ ಕಾರಣವಿಲ್ಲ ಎಂಬುದಕ್ಕೆ ಈ ನೆಲದ ಚರಿತ್ರೆಯೇ ಸಾಕ್ಷಿ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದನು; ಹನ್ನೆರಡನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲೇ ರಚಿಸಿ ಲೆಕ್ಕವನ್ನು ನಾಡಿನ ಮಾತಿಗೆ ಇಳಿಸಿದನು. 1114ರಲ್ಲಿ ಹುಟ್ಟಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಎರಡನೇ ಭಾಸ್ಕರಾಚಾರ್ಯನು ತನ್ನ ಊರೆಂದು ಹೇಳಿಕೊಂಡಿರುವ ವಿಜ್ಜಡವಿಡವೇ ಇಂದಿನ ವಿಜಯಪುರವೆಂದು ಅನೇಕರು ನಂಬುತ್ತಾರೆ; ಆದರೆ ಅವನ ಮೊಮ್ಮಗ ಚಂಗದೇವನ ಶಾಸನ ಸಿಕ್ಕಿರುವುದು ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ, ಗ್ರಂಥಕಾರನೇ ಹೇಳುವ ಸಹ್ಯಾದ್ರಿಯ ಸಾಮೀಪ್ಯವೂ ವಿಜಯಪುರಕ್ಕೆ ಹೊಂದುವುದಿಲ್ಲವಾದ್ದರಿಂದ, ಆ ವಾದ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಊರಿನ ಜಗಳಕ್ಕಿಂತ ಮುಖ್ಯವಾದುದು ಆತ ಮಾಡಿದ ಕೆಲಸ. ಗ್ರಹವೊಂದು ಒಂದು ದಿನದಲ್ಲಿ ಸರಾಸರಿ ಎಷ್ಟು ಚಲಿಸುತ್ತದೆ ಎಂಬುದಷ್ಟೇ ಸಾಲದೆ, ಆ ಕ್ಷಣದಲ್ಲಿ ಎಷ್ಟು ವೇಗದಲ್ಲಿದೆ ಎಂದು ತಿಳಿಯುವುದಕ್ಕಾಗಿ ಆತ ತಾತ್ಕಾಲಿಕ ಗತಿಯೆಂಬ ಪರಿಕಲ್ಪನೆಯನ್ನು ಬಳಸಿದನು. ಪ್ರಥಮ ಪಿಯುಸಿಯ ಮಕ್ಕಳು ಅವಕಲನವೆಂಬ ಹೆಸರಿನಲ್ಲಿ ಎದುರಿಸುವುದು, ಅಂದರೆ ಬದಲಾಗುತ್ತಿರುವ ಪ್ರಮಾಣವೊಂದರ ಆ ಕ್ಷಣದ ದರವನ್ನು ಕಂಡುಹಿಡಿಯುವುದು, ಇದೇ ಆಲೋಚನೆಯ ಬೆಳೆದ ರೂಪ. ಇದನ್ನು ಮೊದಲು ಕನ್ನಡದಲ್ಲಿ ವಿವರಿಸಿ, ಮನಸ್ಸಿಗೆ ನಾಟಿದ ಮೇಲೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕೊಡುವ ಉಪನ್ಯಾಸಕರು ಇರುವಲ್ಲಿ ಅಂಜಿಕೆ ಅರ್ಧಕ್ಕರ್ಧ ಇಳಿಯುತ್ತದೆ.

ಆಯ್ಕೆಗೆ ಎಸ್ಸೆಸ್ಸೆಲ್ಸಿ ಅಂಕವನ್ನು ಏಕೈಕ ಅಳತೆಯಾಗಿ ಬಳಸುವುದು ಕೂಡ ಸರಿಯಲ್ಲ. ಮಾದರಿ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿ ತೊಂಬತ್ತು ದಾಟಿದವರು ಪಿಯುಸಿಯಲ್ಲಿ ತತ್ತರಿಸುವುದುಂಟು, ಅರವತ್ತರ ಆಸುಪಾಸಿನಲ್ಲಿದ್ದರೂ ಪ್ರತಿ ಹೆಜ್ಜೆಗೂ ಕಾರಣ ಕೇಳುವವರು ನಿಧಾನವಾಗಿ ಹಿಡಿತ ಸಾಧಿಸುವುದೂ ಉಂಟು. ನೋಡಬೇಕಾದ ಲಕ್ಷಣಗಳು ಬೇರೆ: ಅಕ್ಷರಗಳಿರುವ ಭಿನ್ನರಾಶಿಗಳನ್ನು ತಪ್ಪಿಲ್ಲದೆ ಕೂಡಿಸಲು ಬರುತ್ತದೆಯೇ, ಬೀಜೋಕ್ತಿಯನ್ನು ಅಪವರ್ತಿಸುವಾಗ ಕೈ ತಡವರಿಸುತ್ತದೆಯೇ, ನಕ್ಷೆಯೊಂದನ್ನು ನೋಡಿ ಅದು ಹೇಳುವುದನ್ನು ಮಾತಿನಲ್ಲಿ ಹೇಳಬಲ್ಲರೇ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಬಿಡಿಸಲಾಗದ ಲೆಕ್ಕದ ಮುಂದೆ ಅರ್ಧ ಗಂಟೆ ಕೂರುವ ತಾಳ್ಮೆ ಇದೆಯೇ. ಈ ನಾಲ್ಕನ್ನೂ ಹೈಸ್ಕೂಲಿನ ಗಣಿತ ಶಿಕ್ಷಕರು ಚೆನ್ನಾಗಿ ಬಲ್ಲರು, ಆದರೆ ಅವರನ್ನು ಕೇಳುವ ಪಾಲಕರು ಕಡಿಮೆ. ಕೋಚಿಂಗ್ ಕೇಂದ್ರದ ಫಲಕದ ಮೇಲಿನ ಭಾವಚಿತ್ರಗಳಿಗೆ ಸಿಗುವ ಗಮನ, ಮಗುವನ್ನು ಮೂರು ವರ್ಷ ಹತ್ತಿರದಿಂದ ನೋಡಿದ ಶಿಕ್ಷಕರ ಮಾತಿಗೆ ಸಿಗುತ್ತಿಲ್ಲ.

ಗಣಿತ ಎಂಜಿನಿಯರಾಗುವವರಿಗಷ್ಟೇ ಬೇಕೆಂಬ ನಂಬಿಕೆಯೂ ದ್ರಾಕ್ಷಿಯ ನಾಡಾದ ತಿಕೋಟಾದಲ್ಲಿ ನಿಲ್ಲುವಂಥದ್ದಲ್ಲ. ದ್ವಿತೀಯ ಪಿಯುಸಿಯಲ್ಲಿ ರೇಖಾತ್ಮಕ ಪ್ರೋಗ್ರಾಮಿಂಗ್ ಎಂಬ ಅಧ್ಯಾಯವಿದೆ: ಕೈಯಲ್ಲಿರುವ ಸೀಮಿತ ಸಂಪನ್ಮೂಲಗಳನ್ನು ಹೇಗೆ ಹಂಚಿದರೆ ಲಾಭ ಗರಿಷ್ಠವಾಗುತ್ತದೆ ಎಂದು ಸರಳರೇಖೆಗಳ ನೆರವಿನಿಂದ ತಿಳಿಯುವ ವಿಧಾನ ಅದು. ರೈತನೊಬ್ಬನಿಗೆ 10 ಎಕರೆ ಭೂಮಿ ಮತ್ತು ಒಂದು ಹಂಗಾಮಿಗೆ 25 ಪಾಲು ನೀರು ಇದೆ, ದ್ರಾಕ್ಷಿಗೆ ಎಕರೆಗೆ 4 ಪಾಲು, ಬಿಳಿಜೋಳಕ್ಕೆ 1 ಪಾಲು ನೀರು ಬೇಕು, ಲಾಭ ಕ್ರಮವಾಗಿ 3 ಪಾಲು ಮತ್ತು 1 ಪಾಲು ಎಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಇರುವ ನೀರನ್ನೆಲ್ಲ ದ್ರಾಕ್ಷಿಗೇ ಸುರಿದರೆ ಆರೂಕಾಲು ಎಕರೆಯಿಂದ 18.75 ಪಾಲು ಲಾಭ, ಜೋಳವನ್ನಷ್ಟೇ ಬಿತ್ತಿದರೆ 10 ಪಾಲು. ಭೂಮಿಯ ಮಿತಿಯ ರೇಖೆಯೂ ನೀರಿನ ಮಿತಿಯ ರೇಖೆಯೂ ಸಂಧಿಸುವ ಬಿಂದುವಿನಲ್ಲಿ, ಅಂದರೆ ಐದು ಎಕರೆ ದ್ರಾಕ್ಷಿ, ಐದು ಎಕರೆ ಜೋಳ ಹಾಕಿದಾಗ, ಲಾಭ 20 ಪಾಲಿಗೆ ಏರುತ್ತದೆ. ಅಂಕಿಗಳು ಕಲ್ಪಿತ, ತರ್ಕ ನಿಜವಾದದ್ದು. ನೀರಾವರಿ ಕಾಲುವೆ ಬಂದ ಮೇಲೂ ನೀರಿನ ಲೆಕ್ಕ ಮುಗಿಯದ ಈ ಸೀಮೆಯಲ್ಲಿ, ಹೊಲಕ್ಕೆ ಮರಳುವ ಮಕ್ಕಳಿಗೂ ಇಂಥ ವಿಚಾರದ ಶಿಸ್ತು ಬೇಕು.

ಗಣಿತವನ್ನು ಎರಡು ಮಟ್ಟಗಳಲ್ಲಿ ಕಲಿಸಿದರೆ ಸಮಸ್ಯೆ ಬಗೆಹರಿಯುವುದಲ್ಲವೇ ಎಂಬ ಪ್ರಶ್ನೆ ಸಹಜ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ 2019–20ರಿಂದ ಹತ್ತನೇ ತರಗತಿಯ ಗಣಿತ ಪರೀಕ್ಷೆಯನ್ನು ಬೇಸಿಕ್ ಮತ್ತು ಸ್ಟ್ಯಾಂಡರ್ಡ್ ಎಂದು ಎರಡಾಗಿ ನಡೆಸುತ್ತಿದೆ, ಮರುವರ್ಷದಿಂದ ಹನ್ನೊಂದನೇ ತರಗತಿಯಲ್ಲಿ ಅನ್ವಯಿಕ ಗಣಿತವೆಂಬ ವಿಷಯವನ್ನೂ ತಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಷಯಗಳನ್ನು ಎರಡು ಮಟ್ಟಗಳಲ್ಲಿ ಕಲಿಸುವ ಕೆಲಸ ಗಣಿತದಿಂದಲೇ ಆರಂಭವಾಗಲೆಂದು ಸೂಚಿಸಿದೆ. ಕಲಾ ವಿಭಾಗದವರಿಗೂ ಒಂದಿಷ್ಟು ಸಂಖ್ಯಾಶಾಸ್ತ್ರ, ಸಂಭವನೀಯತೆ ಸಿಗುವುದಾದರೆ ಈ ವ್ಯವಸ್ಥೆ ಒಳ್ಳೆಯದೇ. ಅಪಾಯ ಇರುವುದು ಕೆಳಗಿನ ಮಟ್ಟದಿಂದ ಮೇಲಕ್ಕೆ ಏರುವ ಮೆಟ್ಟಿಲನ್ನು ಕಿತ್ತುಹಾಕಿದಾಗ. ಆಗ ಹಳ್ಳಿಯ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ‘ಇವರಿಗೆ ಇಷ್ಟು ಸಾಕು’ ಎಂದು ಹಗುರ ಗಣಿತಕ್ಕೆ ತಳ್ಳುವ ಚಾಳಿ ಬೆಳೆಯುತ್ತದೆ. ಮೇಲಿನ ಮಟ್ಟವನ್ನೇ ತೆಗೆದುಹಾಕುವುದೂ ಪರಿಹಾರವಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳು ಸಮಾನತೆಯ ಹೆಸರಿನಲ್ಲಿ 2014ರಲ್ಲಿ ಎಂಟನೇ ತರಗತಿಯ ಬೀಜಗಣಿತವನ್ನು ಎಲ್ಲರಿಗೂ ನಿಲ್ಲಿಸಿದವು. ಹಣವುಳ್ಳ ಮನೆಗಳು ಹೊರಗೆ ಪಾಠ ಕೊಂಡವು, ಇಲ್ಲದವರ ಮಕ್ಕಳು ಕಾಯುತ್ತ ಉಳಿದರು, ಕೊನೆಗೆ 2024ರಲ್ಲಿ ಅಲ್ಲಿನ ಶಾಲಾ ಮಂಡಳಿಯೇ ಆ ಪಾಠವನ್ನು ಮರಳಿ ತರಲು ತೀರ್ಮಾನಿಸಿತು.

ತಿಕೋಟಾ, ಬಬಲೇಶ್ವರಗಳ ಸ್ಥಿತಿಗೆ ಈ ಅನುಭವ ನೇರವಾಗಿ ಅನ್ವಯಿಸುತ್ತದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇಲ್ಲದಿದ್ದರೆ, ಇದ್ದರೂ ಗಣಿತದ ಹುದ್ದೆ ಖಾಲಿ ಇದ್ದು ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಮೊದಲ ಎರಡು ತಿಂಗಳು ಕಳೆದುಹೋದರೆ, ಉನ್ನತ ಗಣಿತವು ವಿಜಯಪುರದಲ್ಲಿ ಕೋಣೆ ಬಾಡಿಗೆ ಹಿಡಿದು ಮಗನನ್ನು ಇಡಬಲ್ಲ ಮನೆಗಳ ಸೊತ್ತಾಗುತ್ತದೆ. ಮಗಳ ವಿಷಯದಲ್ಲಿ ಅಂಥ ಕೋಣೆ ಹಿಡಿಯುವವರು ಇನ್ನೂ ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ ಟಿಕೆಟ್ಟಿನ ಅಡ್ಡಿ ತೀರಿದೆ ನಿಜ, ಸಂಜೆಯ ಪಾಠ ಮುಗಿಸಿ ಊರಿಗೆ ಮರಳುವ ಬಸ್ಸಿನ ವೇಳೆಯ ಚಿಂತೆ ತೀರಿಲ್ಲ. ಹೀಗಿರುವಾಗ ಮನೆಯವರು ಹತ್ತಿರದ ಕಾಲೇಜಿನಲ್ಲಿ ಸಿಗುವ ಕಲಾ ವಿಭಾಗಕ್ಕೆ ಸೇರಿಸಿದರೆ ಅದನ್ನು ಆಯ್ಕೆ ಎಂದು ಕರೆಯುವುದು ಸರಿಯಾಗದು, ಆ ಮಗುವಿನ ಮುಂದೆ ಎರಡನೆಯ ದಾರಿಯೇ ಇರಲಿಲ್ಲ.

ಆದ್ದರಿಂದ ಕೆಲಸ ಆರಂಭವಾಗಬೇಕಾದುದು ಫಲಿತಾಂಶದ ದಿನಕ್ಕಿಂತ ಬಹಳ ಮುಂಚೆ. ಪರೀಕ್ಷೆ ಮುಗಿದು ಪಿಯು ತರಗತಿಗಳು ಆರಂಭವಾಗುವ ನಡುವಿನ ವಾರಗಳಲ್ಲಿ ತಾಲ್ಲೂಕು ಕೇಂದ್ರದಲ್ಲೇ ಬೀಜಗಣಿತದ ಕೈಚಳಕವನ್ನೂ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನೂ ಕನ್ನಡದ ಮೂಲಕ ಕಲಿಸುವ ಸೇತುಬಂಧ ತರಗತಿ ನಡೆದರೆ, ಗಣಿತ ಬೇಕೋ ಬೇಡವೋ ಎಂಬುದನ್ನು ಮಕ್ಕಳು ರುಚಿ ನೋಡಿ ನಿರ್ಧರಿಸಬಲ್ಲರು. ಪಿಯು ಗಣಿತ ಉಪನ್ಯಾಸಕರ ನೇಮಕವನ್ನು, ಅತಿಥಿಗಳಾದರೂ ಸರಿಯೇ, ಪ್ರವೇಶ ಆರಂಭವಾಗುವ ಮೊದಲೇ ಮುಗಿಸಬೇಕು. ಹೈಸ್ಕೂಲುಗಳ ಪಾಲಿಗೆ ಉಳಿಯುವುದು ಇನ್ನೂ ಸುಲಭದ ಕೆಲಸ: ಒಂಬತ್ತನೇ ತರಗತಿಯ ಪಾಲಕರ ಸಭೆಯಲ್ಲಿ ಗಣಿತ ಶಿಕ್ಷಕರು ಒಂದು ತಾಸು ನಿಂತು, ಯಾವ ದಾರಿಗೆ ಯಾವ ಗಣಿತ ಬೇಕು, ಯಾವುದನ್ನು ಬಿಟ್ಟರೆ ಮರಳಿ ಬರಲಾಗದು ಎಂಬುದನ್ನು ಪ್ರತಿ ಮಗುವಿನ ನೋಟ್‌ಬುಕ್ ಮುಂದಿಟ್ಟುಕೊಂಡು ತಾಯಿ ತಂದೆಯರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು.