ತಂಗಿಗೆ ಮೂತ್ರಪಿಂಡ ಕೊಡುವವರಾರು?

ಮನೆಯ ಗಂಡಸಿನ ಮೂತ್ರಪಿಂಡ ವಿಫಲವಾದರೆ ತಾಯಿ, ಮಡದಿ, ಸಹೋದರಿಯರು ದಾನಕ್ಕೆ ಮುಂದಾಗುತ್ತಾರೆ. ಅದೇ ರೋಗ ಮನೆಯೊಡತಿಗೆ ಬಂದರೆ ಡಯಾಲಿಸಿಸ್‌ನಲ್ಲೇ ದಿನದೂಡಲಾಗುತ್ತದೆ. 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ ಮಹಿಳೆಯರಿಗೆ ದೊರೆತದ್ದು ಕೇವಲ 6,945. ಕುಟ್ಟದಂತಹ ಗಡಿ ಊರಿನವರಿಗೆ ಕಸಿಯೆಂದರೆ ಮೈಸೂರು, ಬೆಂಗಳೂರು, ಇಲ್ಲವೇ ತೋಲ್ಪೆಟ್ಟಿ ದಾಟಿ ಕಲ್ಲಿಕೋಟೆ. ದಾರಿ ದೂರ, ವೆಚ್ಚ ಅಪಾರ, ನಿಜ. ಆದರೆ ಗಂಡಸಿಗಾಗಿ ಸವೆಸುವ ದಾರಿ ಹೆಂಗಸಿನ ಪಾಲಿಗೆ ಮಾತ್ರ ದೂರವಾಗುವುದೇಕೆ?

‘ನನ್ನದು ಹೊಂದಲಾರದು’ ಎಂಬ ಮಾತನ್ನು ಪರೀಕ್ಷೆಗೆ ಮುನ್ನವೇ ಆಡುವ ಸಹೋದರರಿದ್ದಾರೆ. ಅಂಗಾಂಶದ ಗುರುತುಗಳು, ಅಂದರೆ ವೈದ್ಯರು ಎಚ್‌ಎಲ್‌ಎ ಎನ್ನುವಂಥವು, ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಒಡಹುಟ್ಟಿದವರಲ್ಲಿ ಅವು ಸಂಪೂರ್ಣ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಎರಡು. ರಕ್ತಪರೀಕ್ಷೆಯಿಲ್ಲದೆ ಇದನ್ನು ಯಾರೂ ಹೇಳಲಾರರು. ಇಂದಿನ ಔಷಧಗಳಿರುವಾಗ ಸಂಪೂರ್ಣ ಹೊಂದಾಣಿಕೆ ಅನಿವಾರ್ಯವೂ ಅಲ್ಲ. ಪತಿ-ಪತ್ನಿಯರ ನಡುವಿನ ಕಸಿಗಳಲ್ಲಿ 85 ಶೇಕಡಾ ಮೂತ್ರಪಿಂಡಗಳು ಮೂರು ವರ್ಷಗಳ ಬಳಿಕವೂ ಕೆಲಸ ಮಾಡುತ್ತಿದ್ದವು, ತಂದೆ-ತಾಯಿ ಕೊಟ್ಟವುಗಳಲ್ಲಿ ಅದು 82 ಶೇಕಡಾ ಎಂದು ಅಮೆರಿಕದ ಅಧ್ಯಯನವೊಂದು 1995ರಲ್ಲಿಯೇ ತೋರಿಸಿತ್ತು.

ಹಾಗಾದರೆ ಪತಿಯೇ ಕೊಡಲಿ ಎನ್ನಬಹುದು. ಕೊಡಲಿ, ಕೊಡಲೇಬೇಕಾದವರಲ್ಲಿ ಅವನೂ ಒಬ್ಬ. ಆದರೆ ಇಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಗರ್ಭದಲ್ಲಿರುವ ಮಗುವಿನಲ್ಲಿ ತಂದೆಯ ಗುರುತುಗಳೂ ಇರುವುದರಿಂದ ತಾಯಿಯ ದೇಹ ಅವುಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದು. ಅಂತಹವಳಿಗೆ ಪತಿಯ ಮೂತ್ರಪಿಂಡವಾಗಲಿ, ಹೆತ್ತ ಮಕ್ಕಳ ಮೂತ್ರಪಿಂಡವಾಗಲಿ ಒಗ್ಗದಿರಬಹುದು. ಆಗ ಅವಳ ದೊಡ್ಡ ಆಸರೆ ಒಡಹುಟ್ಟಿದವರೇ. ಆಸ್ತಿಯ ಪಾಲು ಕೇಳಿದಾಗ ಪರರ ಮನೆಯವಳಾಗುವ ತಂಗಿ, ಅಣ್ಣನಿಗೆ ಮೂತ್ರಪಿಂಡ ಬೇಕಾದಾಗ ಮಾತ್ರ ರಕ್ತಸಂಬಂಧಿಯಾಗುವುದು ಯಾವ ನ್ಯಾಯ?

ಬಲವಂತದ ದಾನವನ್ನು ನಾವು ಬಯಸುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರನ್ನು ವೈದ್ಯರೇ ತಡೆಯಬಹುದು. ಆರೋಗ್ಯವಂತನೆಂದು ಖಚಿತವಾದವನು ಒಂದೇ ಮೂತ್ರಪಿಂಡದಿಂದ ಬಾಳಬಲ್ಲನು, ಬಳಿಕ ತಪಾಸಣೆ ತಪ್ಪಿಸಬಾರದು ಅಷ್ಟೇ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಸಹೋದರ ಸಹೋದರಿಯರು ನಿಕಟ ಸಂಬಂಧಿಗಳು. ಆದರೆ ಸಂಬಂಧವನ್ನು ದಾಖಲೆಗಳಿಂದ ರುಜುವಾತುಪಡಿಸಬೇಕು. ವಯನಾಡಿಗೆ ಮದುವೆಯಾಗಿ ಹೋದ ಹೆಣ್ಣುಮಗಳ ಕಾಗದಪತ್ರ ಮಲಯಾಳಂನಲ್ಲಿ, ಅಣ್ಣನದು ಕನ್ನಡದಲ್ಲಿ. ತಂದೆಯ ಹೆಸರು ಎರಡರಲ್ಲೂ ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಲೇಸು.