ಸಂಪಾದಕರ ಮಾತು: ದೂತನಿಲ್ಲದ ದುಃಖ

ಕವಿತೆಯಲ್ಲಿ ಬರುವ ಮೋಡಕ್ಕೆ, ಚಂದ್ರನಿಗೆ, ಬತ್ತಿದ ಕೆರೆಗೆ ಇಂಥದೇ ಅರ್ಥವೆಂದು ತಿಳಿಸಿಕೊಡಬೇಕೆಂದು ಕೇಳುವ ವಾಚಕಮಿತ್ರರಿಗೆ ನಮ್ಮ ಉತ್ತರವು ಬಹುಶಃ ರುಚಿಸಲಾರದು. ಪ್ರತಿಮೆಗಳಿಗೆ ನಿಘಂಟು ಬರೆದರೂ ಪ್ರಯೋಜನ ಸ್ವಲ್ಪವೇ. ಮೋಡವು ಏನನ್ನು ಸೂಚಿಸುತ್ತದೆಂದು ಕೇಳುವುದಕ್ಕಿಂತ, ಕಾವ್ಯದೊಳಗಿನ ವ್ಯಕ್ತಿಯು ಅದರೊಡನೆ ಹೇಗೆ ವರ್ತಿಸುತ್ತಾನೆಂಬುದನ್ನು ನೋಡುವುದು ಮೇಲು.

ಕಾಳಿದಾಸನ ಯಕ್ಷನನ್ನೇ ನೋಡಿರಿ. ಒಡೆಯನ ಶಾಪದಿಂದ ಒಂದು ವರ್ಷಕಾಲ ರಾಮಗಿರಿಯಲ್ಲಿ ಇರಬೇಕಾಗಿ ಬಂದ ಆ ವಿರಹಿಯು, ಅಲಕೆಯಲ್ಲಿರುವ ಮಡದಿಯ ಪ್ರಾಣ ಉಳಿಯಬೇಕಾದರೆ ತನ್ನ ಮಾತು ಅವಳನ್ನು ಬೇಗನೆ ಮುಟ್ಟಬೇಕೆಂದು ತವಕಿಸುತ್ತಿದ್ದರೂ, ಉತ್ತರಾಭಿಮುಖವಾಗಿ ಹೊರಟ ಮೇಘಕ್ಕೆ, ದಾರಿ ಸುತ್ತಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ಕಾಣದೆ ಹೋಗಬೇಡವೆಂದು ಬುದ್ಧಿ ಹೇಳುತ್ತಾನೆ! ಆ ನಗರದ ಮೇಲೆ ಕವಿಗಿದ್ದ ಮೋಹವೇ ಇದಕ್ಕೆ ಕಾರಣವೆನ್ನುವವರುಂಟು, ಇದ್ದೀತು. ಆದರೆ ಹಂಬಲಕ್ಕೆ ತನ್ನನ್ನು ತಾನೇ ಲಂಬಿಸಿಕೊಳ್ಳುವ ಚಾಳಿಯೊಂದಿದೆ. ದಾರಿಯನ್ನು ವರ್ಣಿಸುತ್ತಿರುವಷ್ಟು ಹೊತ್ತೂ ಯಕ್ಷನು ಕುಳಿತಲ್ಲಿಂದಲೇ ಮನೆಯತ್ತ ನಡೆಯುತ್ತಿರುತ್ತಾನೆ. ಬೇಂದ್ರೆಯವರ ಕನ್ನಡ ಮೇಘದೂತವನ್ನು ಗಟ್ಟಿಯಾಗಿ ಓದಿಕೊಂಡವರಿಗೆ ಈ ನಡಿಗೆ ಕಿವಿಗೇ ತಿಳಿಯುವುದು.

ಪಶ್ಚಾತ್ತಾಪಕ್ಕೆ ಈ ಭಾಗ್ಯವಿಲ್ಲ. ಅದರ ಮಾತನ್ನು ಕೇಳಬೇಕಾದವರು ಆಗಲೇ ಸತ್ತಿರುತ್ತಾರೆ. 10ನೆಯ ಶತಮಾನದ ನಮ್ಮ ರನ್ನನ ಗದಾಯುದ್ಧದಲ್ಲಿ ದುರ್ಯೋಧನನು, ಶರಶಯ್ಯೆಯ ಮೇಲಿರುವ ಭೀಷ್ಮರನ್ನು ಕಾಣಲೆಂದು ಸಂಜಯನೊಡನೆ ರಣಭೂಮಿಯ ಹೆಣಗಳ ನಡುವೆ ಅಡಿಯಿಡುತ್ತ, ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ ಮೊದಲಾದವರ ಕಳೇಬರಗಳೆದುರು ಒಂದೊಂದಾಗಿ ನಿಲ್ಲುತ್ತಾನೆ. ತಮ್ಮನ ಮುಂದೆ ನಿಂತಾಗ ಆ ಕುರುಪತಿಯನ್ನು ಇರಿಯುವುದು ಒಂದು ಮನೆಮಂದಿಯ ಲೆಕ್ಕ: ತಾಯಿಯ ಹಾಲು ಮೊದಲ್ಗೊಂಡು ಎಲ್ಲದರಲ್ಲಿಯೂ ಅಣ್ಣ ಮುಂದು, ತಮ್ಮ ಹಿಂದು ಎಂದು ನಡೆದುಬಂದ ಸರದಿಯು ಸಾವಿನಲ್ಲಿ ಮಾತ್ರ ತಪ್ಪಿಹೋಯಿತಲ್ಲ! ಪಶ್ಚಾತ್ತಾಪವೆಂಬ ಶಬ್ದವೇ ಆ ಪದ್ಯದಲ್ಲಿಲ್ಲ. ಸಾಹಸಭೀಮನ ವಿಜಯವನ್ನು ಹಾಡಹೊರಟ ಕವಿಯ ಕೈಯಿಂದ ಭೀಮನ ವೈರಿಗೆ ಇಂಥ ಪದ್ಯ ದೊರೆತುದು ನಮಗೆ ಈಗಲೂ ಸೋಜಿಗವೇ.

ನಮ್ಮ ಕೈಸೇರುವ ಸಣ್ಣ ಕಥೆಗಳಲ್ಲಾದರೋ, ಕೊನೆಯ ಪುಟದಲ್ಲಿ ನಾಯಕನು ಕಿಟಕಿಯ ಬಳಿ ನಿಂತು ಪಶ್ಚಾತ್ತಾಪದಿಂದ ಬೆಂದುಹೋಗುವುದು ವಾಡಿಕೆಯಾಗಿಬಿಟ್ಟಿದೆ. ಹೊರಗೆ ತಪ್ಪದೆ ಮಳೆ ಸುರಿಯುತ್ತಿರುತ್ತದೆ. ಮುಂದಿನ ಸಂಚಿಕೆಗೆ ಬರೆಯುವ ಲೇಖಕರಲ್ಲಿ ನಮ್ಮದೊಂದು ವಿಜ್ಞಾಪನೆ: ಅಂಚೆಗೆ ಹಾಕುವ ಮುನ್ನ ಆ ಮಳೆಯನ್ನೂ ಆ ವಾಕ್ಯವನ್ನೂ ಹೊಡೆದುಹಾಕಿ, ಉಳಿದುದನ್ನು ಇನ್ನೊಮ್ಮೆ ಓದಿ ನೋಡಿರಿ.